ಹೈಪೋದಲ್ಲಿ ಫಿಲ್ಮ್ ಎಷ್ಟು ಹೊತ್ತು ಇರಬೇಕು?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಕಾಲೇಜು ಉಪನ್ಯಾಸಕಿ. ಮನೆಯ ಬಚ್ಚಲಿನಲ್ಲೇ ಕಪ್ಪು-ಬಿಳುಪು ಫಿಲ್ಮ್ ತೊಳೆಯುವುದನ್ನು ಕಲಿಯುತ್ತಿದ್ದೇನೆ. ಮೊದಲು ಇಲ್‌ಫೋರ್ಡ್ ಎಚ್‌ಪಿ5 ಬಳಸುತ್ತಿದ್ದೆ, ನೆಗೆಟಿವ್‌ಗಳು ಚೆನ್ನಾಗಿಯೇ ಬಂದವು. ಈಚೆಗೆ ಕೊಡಾಕ್ ಟಿ-ಮ್ಯಾಕ್ಸ್ 400 ತೆಗೆದುಕೊಂಡೆ. ಶೆಟ್ಟಿಹಳ್ಳಿ ಚರ್ಚಿನಲ್ಲಿ ತೆಗೆದ ಎರಡು ರೋಲ್ ತಿಳಿಗುಲಾಬಿ ಬಣ್ಣಕ್ಕೆ ಬಂದಿವೆ, ಅಂಚಿನ ಕಡೆ ಹಾಲಿನಂತೆ ಮಬ್ಬಾಗಿದೆ. ರ‍್ಯಾಪಿಡ್ ಫಿಕ್ಸರ್ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಸೇರಿಸಿ 600 ಮಿ.ಲೀ. ಮಾಡಿಕೊಂಡು, ಮಳೆಗಾಲದಿಂದ ಅದನ್ನೇ ಬಳಸುತ್ತಿದ್ದೇನೆ. ಪ್ರತಿ ಸಲ ಮೂರು ನಿಮಿಷ. ಬಾಟಲಿಯ ಮೇಲೆ 2ರಿಂದ 5 ನಿಮಿಷ ಎಂದಿದೆ. ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ‘ಹೈಪೋದಲ್ಲಿ ಕಾಲು ಗಂಟೆ ಬಿಡಮ್ಮ’ ಎನ್ನುತ್ತಾರೆ. ಯಾರ ಮಾತು ಸರಿ? ಜಾಸ್ತಿ ಬಿಟ್ಟರೆ ಚಿತ್ರವೇ ಅಳಿಸಿಹೋಗುತ್ತದೆಯೇ? ಹೈಪೋ ಹರಳು ತಂದು ನಾನೇ ಫಿಕ್ಸರ್ ಮಾಡಿಕೊಳ್ಳಬಹುದೇ? ಆ ಎರಡು ರೋಲ್‌ಗಳ ಗತಿ ಏನು?

ಉತ್ತರ: ಆ ಎರಡು ರೋಲ್ ಕೆಟ್ಟಿಲ್ಲ ಮೇಡಂ, ಮೊದಲು ಆ ಚಿಂತೆ ಬಿಡಿ. ಫಿಕ್ಸ್ ಮಾಡುವುದೆಂದರೆ ಚಿತ್ರವಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರ ನಿಲ್ಲಿಸುವುದು. ಅರೆಬರೆ ಫಿಕ್ಸ್ ಆದ ಫಿಲ್ಮನ್ನು ಒಣಗಿದ ಮೇಲೂ ಮತ್ತೆ ಫಿಕ್ಸ್ ಮಾಡಬಹುದು. ತಡ ಮಾತ್ರ ಮಾಡಬೇಡಿ. ನಿಮಗೆ ಕಾಣುತ್ತಿರುವ ಹಾಲುಮಬ್ಬು ಎಂದರೆ ಕರಗದೆ ಉಳಿದುಕೊಂಡ ಬೆಳ್ಳಿಯ ಲವಣ. ಬೆಳಕು ಬಿದ್ದರೆ ನಿಧಾನಕ್ಕೆ ಕಪ್ಪಾಗುವ ಗುಣ ಅದಕ್ಕೆ ಈಗಲೂ ಇದೆ. ಕಿಟಕಿಗೆ ಹಿಡಿದು ನೋಡುವುದು, ಸ್ಕ್ಯಾನ್ ಮಾಡುವುದು ಎಲ್ಲ ಆಮೇಲೆ ಇಟ್ಟುಕೊಳ್ಳಿ. ಹೊಸ ಫಿಕ್ಸರ್ ಕೈಗೆ ಬರುವ ತನಕ ಅವನ್ನು ಮುಚ್ಚಿದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ಹೇಮಾವತಿಯ ಹಿನ್ನೀರಿನಲ್ಲಿ ವರ್ಷವರ್ಷವೂ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚಿನ ಆ ಗೋಡೆಗಳು ಶಿಥಿಲವಾಗುತ್ತಲೇ ಇವೆ. ಹೋದ ಸಲ ಕಂಡದ್ದು ಮುಂದಿನ ಸಲ ಹಾಗೇ ಇರುತ್ತದೆಂದು ಹೇಳುವಂತಿಲ್ಲ. ಆ ನೆಗೆಟಿವ್‌ಗಳನ್ನು ಉಳಿಸಿಕೊಳ್ಳಲೇಬೇಕು.

ಇನ್ನು ಹೊತ್ತಿನ ಪ್ರಶ್ನೆ. ಬಾಟಲಿಯ ಮೇಲಿರುವುದೂ ಸರಿ, ಆ ಹಿರಿಯರು ಹೇಳಿದ್ದೂ ಸರಿ. ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೆ. ಸ್ಟುಡಿಯೋಗಳಲ್ಲಿ ಹೈಪೋ ಎಂದು ಕರೆಯುತ್ತಿದ್ದದ್ದು ಸೋಡಿಯಂ ಥಯೋಸಲ್ಫೇಟ್ ಎಂಬ ಹರಳು. ಅದು ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ 1819ರಷ್ಟು ಹಿಂದೆಯೇ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಗೊತ್ತಾದಾಗ, ಚಿತ್ರ ನಿಲ್ಲಿಸಲು ಕೈಗೆ ಸಿಕ್ಕ ಉಪಾಯ ಅದೇ ಆಯಿತು. ಒಳ್ಳೆಯ ರಾಸಾಯನಿಕ, ಆದರೆ ನಿಧಾನ. ನೀವು ಬಳಸುತ್ತಿರುವ ರ‍್ಯಾಪಿಡ್ ಫಿಕ್ಸರ್‌ನಲ್ಲಿರುವುದು ಅಮೋನಿಯಂ ಥಯೋಸಲ್ಫೇಟ್. ಅದೇ ಕೆಲಸವನ್ನು ಬಹಳ ಬೇಗ ಮುಗಿಸುತ್ತದೆ. ಹಿಂದಿನವರು ದಿನವಿಡೀ ಒಂದೇ ತೊಟ್ಟಿಯ ಹೈಪೋದಲ್ಲಿ ರೋಲ್ ಮೇಲೆ ರೋಲ್ ಅದ್ದುತ್ತಿದ್ದರು. ಸಂಜೆಯ ಹೊತ್ತಿಗೆ ಬಳಲಿದ ದ್ರಾವಣಕ್ಕೂ ಸಾಕಾಗುವಂತೆ ಇಟ್ಟುಕೊಂಡ ಲೆಕ್ಕ ಆ ಕಾಲು ಗಂಟೆ. ಬಾಟಲಿಯ ಮೇಲಿನ 2ರಿಂದ 5 ನಿಮಿಷ, ಹೊಸದಾಗಿ ಬೆರೆಸಿದ ದ್ರಾವಣಕ್ಕೆ, 20 ಡಿಗ್ರಿ ಉಷ್ಣತೆಗೆ ಹೇಳಿದ ಮಾತು.

ನಿಮ್ಮ ಮೂರು ನಿಮಿಷ ಇವೆರಡಕ್ಕೂ ಸೇರಲಿಲ್ಲ. ಮಳೆಗಾಲದ ಆರಂಭದಲ್ಲಿ ಆ ದ್ರಾವಣಕ್ಕೆ ಸಾಕಾಗುತ್ತಿದ್ದ ಮೂರು ನಿಮಿಷ, ಈಗಿನ ದ್ರಾವಣಕ್ಕೆ, ಈಗಿನ ಫಿಲ್ಮಿಗೆ, ಈಗಿನ ಚಳಿಗೆ ಸಾಲದು. ಬಾಟಲಿಯಲ್ಲಿರುವುದು ಅದೇ ದ್ರಾವಣವೆಂದು ಕಣ್ಣಿಗೆ ಕಾಣುತ್ತದೆ, ಬಣ್ಣವೂ ಅಷ್ಟಾಗಿ ಬದಲಾಗಿರುವುದಿಲ್ಲ. ಒಳಗೆ ಅದು ಪ್ರತಿ ರೋಲಿಗೂ ಬೇರೆಯಾಗುತ್ತಾ ಹೋಗಿದೆ. ಹಾಗಾಗಿ ‘ಎಷ್ಟು ನಿಮಿಷ’ ಎಂಬುದನ್ನು ಬಾಟಲಿಯನ್ನೋ ನನ್ನನ್ನೋ ಕೇಳುವ ಬದಲು, ಆ ದಿನ ಟ್ಯಾಂಕಿಗೆ ಸುರಿಯಲಿರುವ ಫಿಕ್ಸರನ್ನೇ ಕೇಳಬೇಕು. ಕೇಳುವುದು ಸುಲಭ. ಎರಡು ಬೆರಳಗಲದ ಫಿಲ್ಮ್ ತುಣುಕು, ಸಣ್ಣದೊಂದು ಗಾಜಿನ ಲೋಟ, ಸೆಕೆಂಡ್ ಮುಳ್ಳಿರುವ ಗಡಿಯಾರ ಇದ್ದರೆ ಆಯಿತು.

ರೀಲಿಗೆ ಫಿಲ್ಮ್ ಏರಿಸುವ ಮುಂಚೆ ಅದರ ಮುಂದಿನ ನಾಲಿಗೆಯನ್ನು ಹೇಗೂ ಕತ್ತರಿಸುತ್ತೀರಿ. ಅದನ್ನು ಎಸೆಯಬೇಡಿ. ಅದು ಬೆಳಕು ಕಂಡ ತುಣುಕು, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಕಾಣದ ತುಣುಕು. ಬೆಳ್ಳಿಯ ಲವಣ ಪೂರ್ತಿ ಅದರಲ್ಲೇ ಇದೆ. ಪರೀಕ್ಷೆಗೆ ಬೇಕಾದದ್ದೂ ಅದೇ. ಕತ್ತಲು ಬೇಡ, ದೀಪದ ಬೆಳಕಿನಲ್ಲೇ ಮಾಡಿ. ತುಣುಕನ್ನು ಮಂಕಾದ ಎಮಲ್ಷನ್ ಬದಿ (ಬೆಳ್ಳಿಯ ಲವಣದ ಲೇಪವಿರುವ ಬದಿ) ಮೇಲೆ ಬರುವಂತೆ ಇಟ್ಟು ನಡುವೆ ಒಂದೇ ಒಂದು ಹನಿ ಫಿಕ್ಸರ್ ಬಿಡಿ. ಅರ್ಧ ನಿಮಿಷ ಕಾಯಿರಿ. ಹನಿ ಬಿದ್ದ ಜಾಗ ಒಂದು ಬಟ್ಟಿನಂತೆ ತಿಳಿಯಾಗತೊಡಗುತ್ತದೆ, ಸುತ್ತಲಿನದು ಹಾಗೇ ದಟ್ಟವಾಗಿ ಉಳಿದಿರುತ್ತದೆ. ಈಗ ಪೂರ್ತಿ ತುಣುಕನ್ನು ಲೋಟದ ಫಿಕ್ಸರ್‌ಗೆ ಹಾಕಿ, ಗಡಿಯಾರ ನೋಡಿಕೊಂಡು ಮೆಲ್ಲಗೆ ಅಲುಗಾಡಿಸುತ್ತಿರಿ. ಲೋಟದ ಕೆಳಗೆ ಕಪ್ಪು ಕಾಗದ ಇಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸುತ್ತಲಿನ ದಟ್ಟ ಬಣ್ಣ ಮೊದಲು ಹಾಲಾಗುತ್ತದೆ, ಹಾಲು ತೆಳುವಾಗುತ್ತದೆ, ಬಟ್ಟಿನ ಅಂಚು ಮಸುಕಾಗುತ್ತದೆ. ಕೊನೆಗೊಂದು ಗಳಿಗೆಯಲ್ಲಿ ಬಟ್ಟು ಯಾವುದು, ಸುತ್ತಲಿನದು ಯಾವುದು ಎಂದು ಗುರುತು ಸಿಗುವುದಿಲ್ಲ. ಆ ಗಳಿಗೆಗೆ ಎಷ್ಟು ಸೆಕೆಂಡ್ ಆಗಿದೆಯೋ ಅದೇ ನಿಮ್ಮ ‘ತಿಳಿಯಾಗುವ ಹೊತ್ತು’. ಹನಿ ಬಿಡುವುದು ಏಕೆಂದರೆ, ಹೋಲಿಸಲು ಪಕ್ಕದಲ್ಲೊಂದು ಗುರುತು ಇಲ್ಲದಿದ್ದರೆ ಕಣ್ಣು ಅವಸರಪಟ್ಟು ‘ಆಯಿತು’ ಎಂದುಬಿಡುತ್ತದೆ.

35 ಎಂಎಂ ಫಿಲ್ಮಿನ ತಳಕ್ಕೆ ತಯಾರಕರೇ ಸ್ವಲ್ಪ ಬೂದು ಬಣ್ಣ ಕೊಟ್ಟಿರುತ್ತಾರೆ, ಅಂಚಿನಿಂದ ಬೆಳಕು ಒಳಕ್ಕೆ ಹರಿಯಬಾರದೆಂದು. ಗಾಜಿನಷ್ಟು ತಿಳಿಯಾಗಲಿ ಎಂದು ಕಾಯಬೇಡಿ. ಬೂದು ಉಳಿಯುತ್ತದೆ, ಹಾಲು ಉಳಿಯಬಾರದು.

ತಿಳಿಯಾದ ಕೂಡಲೇ ಫಿಕ್ಸ್ ಆಯಿತೆಂದು ತಿಳಿಯುವುದೇ ಮನೆಯಲ್ಲಿ ಫಿಲ್ಮ್ ತೊಳೆಯುವವರು ಹೆಚ್ಚಾಗಿ ಎಡವುವ ಜಾಗ. ಥಯೋಸಲ್ಫೇಟ್ ಬೆಳ್ಳಿಯ ಲವಣವನ್ನು ಹಿಡಿದುಕೊಳ್ಳುವುದು ಹಂತಹಂತವಾಗಿ. ಮೊದಲು ಹುಟ್ಟುವ ಸಂಯುಕ್ತ ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಅದಕ್ಕೆ ಇನ್ನಷ್ಟು ಥಯೋಸಲ್ಫೇಟ್ ಸೇರಿದ ಮೇಲಷ್ಟೇ ನೀರಿಗೆ ಬಿಟ್ಟುಕೊಡುವ ರೂಪಕ್ಕೆ ಬರುತ್ತದೆ. ಫಿಲ್ಮ್ ತಿಳಿಯಾದ ಗಳಿಗೆಯಲ್ಲಿ ಈ ಎರಡನೆಯ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಅಲ್ಲಿಗೇ ನಿಲ್ಲಿಸಿ ಎಷ್ಟೇ ತೊಳೆದರೂ ಉಳಿದ ಬೆಳ್ಳಿ, ಲೇಪದ ಅಂಟಾದ ಜೆಲಟಿನ್ ಬಿಟ್ಟು ಹೊರಬರುವುದಿಲ್ಲ. ಇವತ್ತು ನೆಗೆಟಿವ್ ಥಳಥಳ ಎನ್ನುತ್ತದೆ. ಕೆಲವು ವರ್ಷ ಕಳೆದ ಮೇಲೆ ಆ ಸಂಯುಕ್ತ ಒಡೆದು ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಹಳದಿ-ಕಂದು ಕಲೆ ಎದ್ದುಬರುತ್ತದೆ. ಹಳೆಯ ಮದುವೆ ಫೋಟೋಗಳಲ್ಲಿ ಅಂಥ ಕಲೆ ನೀವೂ ನೋಡಿರಬಹುದು. ಅದಕ್ಕೆಲ್ಲ ಬರೀ ವಯಸ್ಸು ಕಾರಣವಲ್ಲ. ಎಷ್ಟೋ ಫೋಟೋಗಳು ಅವಸರದ ಫಿಕ್ಸಿಂಗ್‌ನಿಂದಲೋ ಅರೆತೊಳೆತದಿಂದಲೋ ಹಾಗಾದವು.

ಅದಕ್ಕೇ ಹಳೆಯ ಕಟ್ಟಳೆ, ತಿಳಿಯಾಗುವ ಹೊತ್ತಿನ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕೆಂದು. ಎಚ್‌ಪಿ5, ಟ್ರೈ-ಎಕ್ಸ್, ಫೋಮಾಪಾನ್‌ನಂಥ ಸಾಂಪ್ರದಾಯಿಕ ಫಿಲ್ಮುಗಳಿಗೆ ಅದು ಸಾಕು. ಟಿ-ಮ್ಯಾಕ್ಸ್, ಇಲ್‌ಫೋರ್ಡ್ ಡೆಲ್ಟಾಗಳಿಗೆ ನಾನು ಮೂರರಷ್ಟು ಎನ್ನುತ್ತೇನೆ. ಈ ಫಿಲ್ಮುಗಳ ಬೆಳ್ಳಿಯ ಹರಳುಗಳು ಚಪ್ಪಟೆ ಬಿಲ್ಲೆಗಳಂತಿವೆ, ಅವುಗಳಲ್ಲಿ ಅಯೋಡೈಡ್ ಅಂಶವೂ ಜಾಸ್ತಿ. ಸಿಲ್ವರ್ ಅಯೋಡೈಡ್ ಕರಗಿಸುವುದು ಥಯೋಸಲ್ಫೇಟ್‌ಗೆ ಕಷ್ಟದ ಕೆಲಸ. ಕರಗಿದ ಅಯೋಡೈಡ್ ಫಿಕ್ಸರ್‌ನಲ್ಲೇ ಉಳಿದು ಮುಂದಿನ ರೋಲನ್ನೂ ನಿಧಾನ ಮಾಡುತ್ತದೆ. ಹೊಸ ರ‍್ಯಾಪಿಡ್ ಫಿಕ್ಸರ್‌ನಲ್ಲಿ ಎಚ್‌ಪಿ5 ಸಾಮಾನ್ಯವಾಗಿ ನಿಮಿಷದೊಳಗೇ ತಿಳಿಯಾಗುತ್ತದೆ. ಟಿ-ಮ್ಯಾಕ್ಸ್ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ಯಾವ ಫಿಲ್ಮ್ ತೊಳೆಯುತ್ತೀರೋ ಅದರದೇ ತುಣುಕಿನಿಂದ ಪರೀಕ್ಷೆ ಮಾಡಿ. ಎಚ್‌ಪಿ5 ತುಣುಕು ಟಿ-ಮ್ಯಾಕ್ಸ್‌ನ ಉತ್ತರ ಕೊಡುವುದಿಲ್ಲ. ನಾಲಿಗೆಗಳನ್ನು ಫಿಲ್ಮಿನ ಹೆಸರು ಬರೆದ ಸಣ್ಣ ಲಕೋಟೆಗಳಲ್ಲಿ ಹಾಕಿಟ್ಟುಕೊಳ್ಳಿ.

ನಿಮ್ಮ ನೆಗೆಟಿವ್‌ನ ಗುಲಾಬಿ ಬಣ್ಣಕ್ಕೂ ಹಾಲುಮಬ್ಬಿಗೂ ಅರ್ಥ ಬೇರೆ. ಮಬ್ಬು ಕಂಡರೆ ಫಿಕ್ಸಿಂಗ್ ಸಾಲಲಿಲ್ಲ ಎಂದೇ ಅರ್ಥ, ಅನುಮಾನವಿಲ್ಲ. ಗುಲಾಬಿ ಬಣ್ಣ ಬರುವುದು, ಎಲ್ಲ ಬಣ್ಣಗಳ ಬೆಳಕನ್ನೂ ಗ್ರಹಿಸಲೆಂದು ಹರಳಿನ ಮೈಗೆ ಅಂಟಿಸಿದ ವರ್ಣದ್ರವ್ಯದಿಂದ. ಚಪ್ಪಟೆ ಹರಳಿಗೆ ಮೈ ಅಗಲ, ಅದಕ್ಕೆ ಆ ವರ್ಣದ್ರವ್ಯವೂ ಜಾಸ್ತಿ. ಬೆಳ್ಳಿಯ ಲವಣ ಪೂರ್ತಿ ಕರಗಿದರೆ ಅದೂ ಬಿಟ್ಟುಕೊಳ್ಳುತ್ತದೆ. ದಟ್ಟ ಗುಲಾಬಿ ಉಳಿದಿದ್ದರೆ ಫಿಕ್ಸರ್ ಬಳಲಿದೆ ಎಂದು ತಿಳಿಯಿರಿ. ಸರಿಯಾಗಿ ಫಿಕ್ಸ್ ಆದ ಮೇಲೂ ನಸುಬಣ್ಣ ಉಳಿದಿದ್ದರೆ ತೊಳೆತ ಸಾಲಲಿಲ್ಲ ಅಷ್ಟೆ, ಪ್ರಿಂಟಿಗಾಗಲೀ ಸ್ಕ್ಯಾನಿಗಾಗಲೀ ಅದರಿಂದ ತೊಂದರೆಯಿಲ್ಲ. ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿ, ಫಿಕ್ಸರ್ ಆದ ನಂತರ ಅದರಲ್ಲಿ ಎರಡು ನಿಮಿಷ ಆಡಿಸಿ ಆಮೇಲೆ ತೊಳೆದರೆ ಆ ನಸುಗುಲಾಬಿ ಬಹುಪಾಲು ಹೋಗುತ್ತದೆ.

ಈಗ ನಿಮ್ಮ ಬಾಟಲಿಯ ಲೆಕ್ಕಕ್ಕೆ ಬರೋಣ. ಒಂದಕ್ಕೆ ನಾಲ್ಕರಂತೆ ಬೆರೆಸಿದ ಇಲ್‌ಫೋರ್ಡ್ ರ‍್ಯಾಪಿಡ್ ಫಿಕ್ಸರ್ ಲೀಟರಿಗೆ 36 ಚಿತ್ರಗಳ 24 ರೋಲ್ ತಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ನಿಮ್ಮ 600 ಮಿ.ಲೀ.ಗೆ ಅದು ಸುಮಾರು 14 ರೋಲ್ ಆಯಿತು. ಮನೆಯಲ್ಲಿ ಅಷ್ಟು ಸಿಗುವುದಿಲ್ಲ. ಪ್ರತಿ ಸಲವೂ ರೀಲಿನ ಸುರುಳಿಯಲ್ಲಿ ನಿಂತ ನೀರು ಫಿಕ್ಸರ್‌ಗೆ ಸೇರುತ್ತದೆ, ಹೊರಗೆ ಸುರಿಯುವಾಗ ಸ್ವಲ್ಪ ಫಿಕ್ಸರ್ ರೀಲಿನ ಜೊತೆ ಹೋಗುತ್ತದೆ, ದ್ರಾವಣ ತೆಳುವಾಗುತ್ತಾ ಬರುತ್ತದೆ. ಟಿ-ಮ್ಯಾಕ್ಸ್ ತೊಳೆದರೆ ಇನ್ನೂ ಬೇಗ ಸೋಲುತ್ತದೆ. ಅದರ ಮೇಲೆ ವಯಸ್ಸಿನ ಲೆಕ್ಕ. ಬೆರೆಸಿದ ಫಿಕ್ಸರ್ ಕಂಠಮಟ್ಟ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಬರಬಹುದು, ಅರ್ಧ ಖಾಲಿ ಬಾಟಲಿಯಲ್ಲಿ ಎರಡು ತಿಂಗಳು. ನನ್ನ ಸಲಹೆ, 600 ಮಿ.ಲೀ.ಗೆ ಎಂಟು-ಹತ್ತು ರೋಲ್ ಆದ ಮೇಲೆ ಆಸೆ ಮಾಡಬೇಡಿ. ಫಿಲ್ಮಿನ ಬೆಲೆ ಈಗಿರುವ ಮಟ್ಟದಲ್ಲಿ ಫಿಕ್ಸರ್ ಉಳಿಸಿ ರೋಲ್ ಕಳೆದುಕೊಳ್ಳುವುದರಲ್ಲಿ ಯಾವ ಲಾಭವೂ ಇಲ್ಲ.

ಕೈಲೆಕ್ಕಕ್ಕಿಂತ ತುಣುಕಿನ ಲೆಕ್ಕವೇ ಮೇಲು. ಹೊಸ ಫಿಕ್ಸರ್ ಬೆರೆಸಿದ ದಿನವೇ ತುಣುಕು ಪರೀಕ್ಷೆ ಮಾಡಿ, ಬಾಟಲಿಗೆ ಬಿಳಿ ಟೇಪ್ ಅಂಟಿಸಿ ಬರೆಯಿರಿ: ಯಾವ ತಾರೀಖು, ಯಾವ ಫಿಲ್ಮ್, ಎಷ್ಟು ಸೆಕೆಂಡ್. ಆಮೇಲೆ ಪ್ರತಿ ಸಲ ಟ್ಯಾಂಕಿಗೆ ಸುರಿಯುವ ಮೊದಲು ಮತ್ತೆ ಪರೀಕ್ಷೆ. 80 ಸೆಕೆಂಡಿಗೆ ತಿಳಿಯಾಗುತ್ತಿದ್ದ ತುಣುಕು 110 ತೆಗೆದುಕೊಂಡರೆ, 110ರ ಮೂರರಷ್ಟು, ಅಂದರೆ ಐದೂವರೆ ನಿಮಿಷ ಇಡಿ. 160 ಮುಟ್ಟಿದರೆ ಆ ಫಿಕ್ಸರ್ ಮುಗಿಯಿತು. ‘ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಕೆಲಸ ಮಾಡೀತಲ್ಲ’ ಎಂದು ಅನ್ನಿಸುತ್ತದೆ. ಮಾಡುವುದಿಲ್ಲ. ಅಷ್ಟು ಹೊತ್ತಿಗೆ ದ್ರಾವಣದಲ್ಲಿ ಬೆಳ್ಳಿ ತುಂಬಿಕೊಂಡಿರುತ್ತದೆ, ಫಿಲ್ಮ್ ತಿಳಿಯಾದರೂ ಆ ಎರಡನೆಯ ಹಂತ ಪೂರ್ಣವಾಗುವುದಿಲ್ಲ, ಗಂಟೆಗಟ್ಟಲೆ ಬಿಟ್ಟರೂ ಅಷ್ಟೆ. ನೆಗೆಟಿವ್‌ಗಳು ಮಕ್ಕಳ ಕಾಲಕ್ಕೂ ಉಳಿಯಬೇಕು ಎನ್ನುವವರು ಎರಡು ಬಾಟಲಿ ಇಟ್ಟುಕೊಳ್ಳುತ್ತಾರೆ. ಅರ್ಧ ಹೊತ್ತು ಹಳೆಯದರಲ್ಲಿ, ಇನ್ನರ್ಧ ಹೊಸದರಲ್ಲಿ. ಹಳೆಯದು ಮುಗಿದಾಗ ಎರಡನೆಯದನ್ನು ಅದರ ಜಾಗಕ್ಕೆ ತಂದು ಮತ್ತೊಂದು ಹೊಸದು ಬೆರೆಸುವುದು. ಖರ್ಚು ಹೆಚ್ಚೇನಲ್ಲ, ಕೆಲಸ ಪಕ್ಕಾ.

ಜಾಸ್ತಿ ಬಿಟ್ಟರೆ ಚಿತ್ರ ಅಳಿಸುತ್ತದೆಯೇ ಎಂದು ಕೇಳಿದ್ದೀರಿ. ಐದರ ಬದಲು ಎಂಟು ನಿಮಿಷ ಆದರೆ ಫಿಲ್ಮಿಗೆ ಕಾಣುವಂಥ ನಷ್ಟವಿಲ್ಲ. ಆಮ್ಲವಿರುವ ರ‍್ಯಾಪಿಡ್ ಫಿಕ್ಸರ್‌ನಲ್ಲಿ ಮರೆತು ಗಂಟೆಗಟ್ಟಲೆ ಬಿಟ್ಟರೆ ನೆರಳಿನ ಭಾಗದ ಸೂಕ್ಷ್ಮ ಬೆಳ್ಳಿಯನ್ನು ಅದು ತಿನ್ನತೊಡಗುತ್ತದೆ, ನಿಜ. ಆ ಭಯಕ್ಕೆ ಎರಡು ನಿಮಿಷಕ್ಕೇ ತೆಗೆಯುವುದು ಮಾತ್ರ ತಪ್ಪು. ಸಾಲದ ಫಿಕ್ಸಿಂಗ್ ಎಷ್ಟೋ ಹೆಚ್ಚು ನೆಗೆಟಿವ್ ಹಾಳುಮಾಡಿದೆ. ಹೊತ್ತಿನ ವಿಚಾರದಲ್ಲಿ ನಿಜವಾಗಿ ಕೈ ಬಿಗಿಹಿಡಿಯಬೇಕಾದ್ದು ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರಿನ ಪ್ರಿಂಟುಗಳಲ್ಲಿ. ಕಾಗದ ಹೈಪೋ ಹೀರಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ.

ಅಲುಗಾಡಿಸುವುದನ್ನು ಡೆವಲಪರ್‌ಗೆ ಮಾತ್ರ ಮಾಡಿ, ಫಿಕ್ಸರ್ ಸುರಿದ ಮೇಲೆ ಟ್ಯಾಂಕನ್ನು ಮೂಲೆಗಿಟ್ಟು ಚಹಾಕ್ಕೆ ಹೋಗುವವರಿದ್ದಾರೆ. ನಿಮ್ಮ ರೋಲಿನಲ್ಲಿ ಮಬ್ಬು ಅಂಚಿನ ಕಡೆಗೇ ಇದೆ ಎನ್ನುವುದನ್ನು ನೋಡಿದರೆ ರೀಲಿನ ತೋಡಿನ ಹತ್ತಿರ ದ್ರಾವಣ ಸರಿಯಾಗಿ ಓಡಾಡಿಲ್ಲ ಅನ್ನಿಸುತ್ತದೆ. ಮೊದಲ ಅರ್ಧ ನಿಮಿಷ ಬಿಡದೆ ತಿರುಗಿಸಿ, ಆಮೇಲೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡ್. ತಿಳಿಯಾಗುವ ಹೊತ್ತು ದಾಟಿದ ಮೇಲೆ ಮುಚ್ಚಳ ತೆಗೆದು ನೋಡಿದರೂ ಅಡ್ಡಿಯಿಲ್ಲ. ಸುರುಳಿಯ ನಡುವೆ ಎಲ್ಲಾದರೂ ಹಾಲಿನ ಪಟ್ಟೆ ಕಂಡರೆ ವಾಪಸ್ ಮುಚ್ಚಿ ಮುಂದುವರಿಸಿ.

ಚಳಿಯನ್ನು ಮರೆಯುವಂತಿಲ್ಲ. ಇಲ್ಲಿ ಹಾಸನದಲ್ಲಿ ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಷ್ಟಿರುತ್ತದೆ. ನಿಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ನಲ್ಲಿ ನೀರು 20 ಡಿಗ್ರಿಗಿಂತ ಕೆಳಗಿರುತ್ತದೆ. ಡೆವಲಪರ್‌ಗೆ ಥರ್ಮಾಮೀಟರ್ ಇಟ್ಟು, ಫಿಕ್ಸರನ್ನು ಮಾತ್ರ ತಣ್ಣಗಿನ ಬಚ್ಚಲು ಕಟ್ಟೆಯಿಂದ ಹಾಗೇ ಎತ್ತಿ ಸುರಿದರೆ ಎರಡು ತೊಂದರೆ. ಒಂದು, ಫಿಕ್ಸಿಂಗ್ ನಿಧಾನವಾಗುತ್ತದೆ. ಇನ್ನೊಂದು, ಬೆಚ್ಚಗಿನದರಿಂದ ಥಟ್ಟನೆ ತಣ್ಣಗಿನದಕ್ಕೆ ಬಿದ್ದ ಜೆಲಟಿನ್ ಸುಕ್ಕುಗಟ್ಟಬಹುದು. ಹಂಡೆಯ ಬಿಸಿನೀರು ಬೆರೆಸಿದ ಒಂದು ಅಗಲ ಟಬ್ಬಿನಲ್ಲಿ ಎಲ್ಲ ದ್ರಾವಣಗಳ ಬಾಟಲಿಗಳನ್ನೂ ಅರ್ಧ ಗಂಟೆ ಮೊದಲೇ ನಿಲ್ಲಿಸಿಬಿಡಿ. ತುಣುಕು ಪರೀಕ್ಷೆಯನ್ನೂ ಅದೇ ಉಷ್ಣತೆಯಲ್ಲಿ ಮಾಡಿ, ಇಲ್ಲದಿದ್ದರೆ ಬಂದ ಸಂಖ್ಯೆಗೆ ಅರ್ಥವಿಲ್ಲ.

ಹೈಪೋ ಹರಳಿನಿಂದ ನೀವೇ ಫಿಕ್ಸರ್ ಮಾಡಿಕೊಳ್ಳಬಹುದು, ಖಂಡಿತ. ಶಾಲಾ-ಕಾಲೇಜುಗಳ ಪ್ರಯೋಗಾಲಯಕ್ಕೆ ಸಾಮಾನು ಒದಗಿಸುವ ಅಂಗಡಿಯಲ್ಲಿ ‘ಸೋಡಿಯಂ ಥಯೋಸಲ್ಫೇಟ್’ ಎಂದು ಪೂರ್ತಿ ಹೆಸರು ಹೇಳಿ ಕೇಳಿ. ಬರೀ ‘ಹೈಪೋ’ ಎಂದರೆ ಎಷ್ಟೋ ಅಂಗಡಿಗಳಲ್ಲಿ ನೆಲ ಒರೆಸುವ, ಆಸ್ಪತ್ರೆಗಳಲ್ಲಿ ಬಳಸುವ ಸೋಡಿಯಂ ಹೈಪೋಕ್ಲೋರೈಟ್ ಕೊಟ್ಟುಬಿಡುತ್ತಾರೆ. ಅದು ಬ್ಲೀಚ್. ಫಿಲ್ಮಿಗೆ ತಾಗಿದರೆ ಜೆಲಟಿನ್ ಸಮೇತ ಚಿತ್ರ ಎದ್ದುಹೋಗುತ್ತದೆ, ಆಮ್ಲದ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಹರಳು ಕಲ್ಲುಸಕ್ಕರೆಯಂತೆ ಕಂಡರೆ ಅದು ನೀರಿನಂಶವಿರುವ ರೂಪ, ಸೂತ್ರಗಳಲ್ಲಿ ಸಾಮಾನ್ಯವಾಗಿ ಹೇಳುವುದು ಅದನ್ನೇ. ಬಿಳಿ ಪುಡಿಯಾಗಿ ನೀರಿನಂಶವಿಲ್ಲದ ರೂಪ ಸಿಕ್ಕರೆ 100 ಗ್ರಾಂ ಹರಳಿಗೆ 64 ಗ್ರಾಂ ಪುಡಿ ಸಾಕು.

ಕೊಡಾಕ್‌ನವರ ಎಫ್-24 ಎಂಬ ಹಳೆಯ ಸೂತ್ರ ಮನೆಗೆ ಹೇಳಿ ಮಾಡಿಸಿದಂತಿದೆ. 50 ಡಿಗ್ರಿಯಷ್ಟು ಬಿಸಿಯಾದ ಅರ್ಧ ಲೀಟರ್ ನೀರಿಗೆ 240 ಗ್ರಾಂ ಹೈಪೋ ಹರಳು ಹಾಕಿ ಕಲಕಿ. ನೀರು ಬಿಸಿ ಇರಲೇಬೇಕು, ಏಕೆಂದರೆ ಹೈಪೋ ಕರಗುವಾಗ ಶಾಖ ಹೀರಿಕೊಳ್ಳುತ್ತದೆ. ತಣ್ಣೀರಿಗೆ ಹಾಕಿದರೆ ಪಾತ್ರೆ ಐಸಿನಷ್ಟು ತಣ್ಣಗಾಗಿ ಹರಳು ತಳದಲ್ಲೇ ಕೂರುತ್ತದೆ. ಅದು ಕರಗಿದ ಮೇಲೆ 10 ಗ್ರಾಂ ಸೋಡಿಯಂ ಸಲ್ಫೈಟ್, ಅದೂ ಕರಗಿದ ಮೇಲೆ 25 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್, ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಮಲೆನಾಡಿನಲ್ಲಿ ಮನೆಯಲ್ಲೇ ಹಣ್ಣಿನ ಸ್ಕ್ವಾಷ್ ಮಾಡುವವರ ಹತ್ತಿರ ಕೆ.ಎಂ.ಎಸ್. ಇರುತ್ತದಲ್ಲ, ಅದು ಇದರ ಪೊಟ್ಯಾಸಿಯಂ ಬಗೆ. ಅದಾದರೆ 29 ಗ್ರಾಂ ಹಾಕಿ. ಹಾಕುವ ಕ್ರಮ ತಪ್ಪಿಸಬೇಡಿ. ಸಲ್ಫೈಟ್ ಇಲ್ಲದೆ ಹೈಪೋಗೆ ಆಮ್ಲ ಬಿದ್ದರೆ ಗಂಧಕ ಒಡೆದು ದ್ರಾವಣ ಮಜ್ಜಿಗೆಯಾಗುತ್ತದೆ. ಬರೀ ಹೈಪೋ ಮತ್ತು ನೀರು ಬಳಸುವವರು ವಿನಿಗರ್‌ನ ಸ್ಟಾಪ್ ಬಾತ್ (ಡೆವಲಪರ್ ಕೆಲಸ ನಿಲ್ಲಿಸುವ ದ್ರಾವಣ) ಬಿಟ್ಟು ಸಾದಾ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕಾದ್ದೂ ಇದೇ ಕಾರಣಕ್ಕೆ. ಬೇಗ ಆಗಲಿ ಎಂದು 240ರ ಬದಲು 500 ಗ್ರಾಂ ಹಾಕಿದರೂ ಪ್ರಯೋಜನವಿಲ್ಲ. 40 ಪ್ರತಿಶತದ ಆಸುಪಾಸು ದಾಟಿದರೆ ಹೈಪೋ ನಿಧಾನವಾಗುತ್ತದೆ.

ಈ ಫಿಕ್ಸರ್‌ನಲ್ಲಿ ಎಚ್‌ಪಿ5ಗೆ ಸಾಮಾನ್ಯವಾಗಿ 5ರಿಂದ 10 ನಿಮಿಷ ಬೇಕು. ನಿಖರ ಸಂಖ್ಯೆ ತುಣುಕೇ ಹೇಳುತ್ತದೆ. ಟಿ-ಮ್ಯಾಕ್ಸ್‌ಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡುವುದಿಲ್ಲ, ಅದಕ್ಕೆ ಅಮೋನಿಯಂ ಫಿಕ್ಸರೇ ಇರಲಿ. ಹಿಂದಿನವರು ಹೈಪೋಗೆ ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿ ಹಾಕುವವರು ಬಳಸುವ ನವಸಾಗರ ಸೇರಿಸಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಕೊಡಾಕ್‌ನ ಎಫ್-7 ಸೂತ್ರದಲ್ಲಿ ಲೀಟರಿಗೆ 50 ಗ್ರಾಂ ಅದೇ ಇದೆ. ಉಪಾಯ ಚೆನ್ನಾಗಿದೆ, ಆದರೆ ಅದು ಸ್ಟೀಲ್ ಟ್ಯಾಂಕನ್ನು ತಿನ್ನುತ್ತದೆ, ಕಲಾಯಿ ಅಂಗಡಿಯ ನವಸಾಗರದ ಶುದ್ಧತೆಯನ್ನೂ ನಂಬುವಂತಿಲ್ಲ. ಪ್ಲಾಸ್ಟಿಕ್ ಟ್ಯಾಂಕ್ ಇದ್ದು, ಪ್ರಯೋಗಾಲಯದ ದರ್ಜೆಯದು ಸಿಕ್ಕರೆ ಪ್ರಯತ್ನಿಸಿ.

ಇಷ್ಟು ಆದ ಮೇಲೆ ನಿಮ್ಮ ಎರಡು ರೋಲ್‌ಗಳಿಗೆ ಬನ್ನಿ. ಹೊಸ ರ‍್ಯಾಪಿಡ್ ಫಿಕ್ಸರ್ ಬೆರೆಸಿ, ಟಿ-ಮ್ಯಾಕ್ಸ್ ತುಣುಕಿನಿಂದ ಪರೀಕ್ಷೆ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ. ಫಿಲ್ಮ್ ಕತ್ತರಿಸದೆ ಇದ್ದರೆ ಒಣಗಿದ್ದಾಗಲೇ ರೀಲಿಗೆ ಏರಿಸಿ, ಒದ್ದೆಯಾದರೆ ಪ್ಲಾಸ್ಟಿಕ್ ರೀಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆರಾರು ಚಿತ್ರದ ಪಟ್ಟಿ ಮಾಡಿದ್ದರೆ ಅಗಲ ತಟ್ಟೆಯಲ್ಲಿ ಎಮಲ್ಷನ್ ಮೇಲೆ ಬರುವಂತೆ ಒಂದೊಂದಾಗಿ ಮಾಡಿ, ಒಂದರ ಮೇಲೊಂದು ಹಾಕಬೇಡಿ. 20 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ನೆನೆಯಲಿ. ಆಮೇಲೆ ಫಿಕ್ಸರ್, ತುಣುಕಿನ ಹೊತ್ತಿನ ಮೂರರಷ್ಟು. ಮಂದ ದೀಪವಿರಲಿ, ಪೂರ್ತಿ ಕತ್ತಲೇನೂ ಬೇಡ. ಆಮೇಲೆ ಸಲ್ಫೈಟ್ ನೀರು ಎರಡು ನಿಮಿಷ. ತೊಳೆಯುವುದಕ್ಕೆ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲಬೇಕಿಲ್ಲ. ಇಲ್‌ಫೋರ್ಡ್‌ನವರ ಕ್ರಮದಂತೆ ನೀರು ತುಂಬಿ ಟ್ಯಾಂಕನ್ನು ಐದು ಸಲ ಬೋರಲು ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಫಿಲ್ಮ್ ಗಟ್ಟಿಮಾಡುವ ಪಟಿಕ ಸೇರಿದ ಫಿಕ್ಸರ್ ಆದರೆ ಇಷ್ಟು ಸಾಲದು, ನಿಮ್ಮದರಲ್ಲಿ ಅದಿಲ್ಲ. ಕೊನೆಯ ಜಾಲಿಸುವಿಕೆಗೆ ಫಿಲ್ಟರ್ ನೀರೋ ಡಿಸ್ಟಿಲ್ಡ್ ನೀರೋ ಬಳಸಿ. ಅರಸೀಕೆರೆ ಕಡೆಯ ಕೊಳವೆಬಾವಿಯ ಗಡಸು ನೀರು ಒಣಗಿದರೆ ನೆಗೆಟಿವ್ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ನಿಮ್ಮ ಕಡೆಯ ನೀರು ಮೃದು, ಆದರೂ ಇದು ಒಳ್ಳೆಯ ಅಭ್ಯಾಸ. ಬೆಳಕು ಕಂಡು ಆಗಲೇ ಕಪ್ಪಾದ ಮಬ್ಬು ಸ್ವಲ್ಪ ಇದ್ದರೆ ಅದು ಹೋಗುವುದಿಲ್ಲ. ಹಾಲು, ಗುಲಾಬಿ ಎರಡೂ ಹೋಗುತ್ತವೆ.

ಬಳಸಿ ಮುಗಿದ ಆ 600 ಮಿ.ಲೀ.ಯನ್ನು ಬಚ್ಚಲಿಗೆ ಸುರಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದರಲ್ಲಿ ನಿಮ್ಮ ಅಷ್ಟೂ ರೋಲ್‌ಗಳ ಬೆಳ್ಳಿ ಕರಗಿದೆ. ನಮ್ಮ ಕಡೆ ಬಚ್ಚಲ ನೀರು ಹೋಗುವುದು ಇಂಗುಗುಂಡಿಗೋ ತೋಟಕ್ಕೋ ಹಳ್ಳಕ್ಕೋ. ಬೆಳ್ಳಿ ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಮೀನಿಗೂ ಒಳ್ಳೆಯದಲ್ಲ. ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ಹಾಕಿ, ಮರಗೆಲಸದವರು ಪಾಲಿಶ್‌ಗೆ ಬಳಸುವ ಕಬ್ಬಿಣದ ನಾರು, ಅಂದರೆ ಸ್ಟೀಲ್ ವೂಲ್, ಒಂದು ಉಂಡೆ ಮುಳುಗಿಸಿ ವಾರ-ಹತ್ತು ದಿನ ಬಿಡಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಆಗುವುದಿಲ್ಲ, ಅದು ತುಕ್ಕು ಹಿಡಿಯದ ಸ್ಟೀಲ್. ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ, ಅದರ ಜಾಗದಲ್ಲಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕದೆ, ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಮೇಲಿನ ನೀರನ್ನು ಬಸಿದು, ಧಾರಾಳ ನೀರು ಬೆರೆಸಿ ಚೆಲ್ಲಿ, ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಕೂಡಿಡಿ. ಸಾಕಷ್ಟು ಸೇರಿದ ಮೇಲೆ ಬೆಳ್ಳಿ ಶುದ್ಧಿ ಮಾಡುವವರಿಗೆ ಕೊಡಬಹುದು.